ಬಾನಿಯಲ್ಲಿ ಎದ್ದ ಗುಳ್ಳೆ

ಹೋದ ತಿಂಗಳು ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಭತ್ತ ಮೇಲೆತ್ತುವ ಎಲಿವೇಟರಿನ ಗೇರ್ ಡಬ್ಬಿ ಬಿಚ್ಚಿದ್ದೆ. ಅಡಿಯ ತಿರುಪು ಸಡಿಲಿಸಿದ ಕೂಡಲೇ ಎಣ್ಣೆ ಇಳಿಯಬೇಕಿತ್ತು, ಕರ್ರಗೆ, ದಪ್ಪ ದಾರದ ಹಾಗೆ. ಇಳಿದದ್ದು ಹಾಲು ಜಾಸ್ತಿಯಾದ ಚಹಾದ ಬಣ್ಣದ ನೀರು. ಮೇಲಿನ ತಗಡು ಸೋರಿ ಮಳೆ ನೀರು ಎಲ್ಲಿಂದಲೋ ಒಳಗೆ ಸೇರಿಕೊಂಡಿತ್ತು. ಅದರ ವಾಸನೆ... ಗಂಧಕ, ಸುಟ್ಟ ರಬ್ಬರು, ನಿಂತು ಕೊಳೆತ ನೀರು, ಮೂರೂ ಕೂಡಿದ ವಾಸನೆ. ಇದೇ ಬಣ್ಣ, ಇದೇ ವಾಸನೆಯ ನೀರನ್ನು ನಾನು ಇನ್ನೊಂದು ಸಲ ನೋಡಿದ್ದೆ. ಇಪ್ಪತ್ತು ವರ್ಷದ ಮೇಲಾಯಿತು, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ನಮ್ಮ ಅಂಗಡಿಯಲ್ಲಿ. ಆಗ ತಿರುಪು ಬಿಚ್ಚಿದ್ದು ನಾನಲ್ಲ, ನಮ್ಮಕ್ಕ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಬರೆಯುವ ರೂಢಿ ಇಲ್ಲ. ಆದರೆ ಅಕ್ಕನ ಮೇಲೆ ಒಂದು ಮಾತು ಬಂದು ಹಾಗೇ ಉಳಿದುಹೋಯಿತು. ಅದು ನನ್ನ ಮೇಲೆ ಬರಬೇಕಾಗಿದ್ದ ಮಾತು. ಅದನ್ನು ಸರಿಮಾಡಬೇಕೆಂದರೆ ಮೊದಲು ಅಕ್ಕ ಎಂಥವಳು ಅನ್ನುವುದನ್ನು ಹೇಳಬೇಕು.

ನಮ್ಮಪ್ಪನದು ಪಂಪ್‌ಸೆಟ್ ರಿಪೇರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹೊರಗೆ ಬೇವಿನ ಮರ, ಮರದ ಕೆಳಗೆ ಕಲ್ಲಿನ ಬಾನಿ. ಹಿಂದೆ ಎಮ್ಮೆಗಳು ನೀರು ಕುಡಿಯುತ್ತಿದ್ದ ಬಾನಿ ಅದು. ಎಮ್ಮೆ ಹೋದವು, ಬಾನಿ ಉಳಿಯಿತು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆಯಿಂದ ತಿರುಗಿ ಬಂದಿದ್ದಳು. ಯಾಕೆ ಅಂತ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಬಂದ ಎರಡನೆಯ ದಿನವೇ ಅಪ್ಪನ ಎದುರು ಕುಳಿತು, ಅಪ್ಪ ಹುಡುಕುತ್ತಿದ್ದ ಸಣ್ಣ ಬಾಲ್ ಬೇರಿಂಗನ್ನು ಎತ್ತಿ ಕೊಟ್ಟಳಂತೆ. ಅಪ್ಪನಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು. ಅಲ್ಲಿಂದ ಅಪ್ಪ ಹೇಳುವುದು, ಅಕ್ಕ ಮಾಡುವುದು ಅಂತ ಶುರುವಾಯಿತು. ಒಂದು ವರ್ಷ ಕಳೆಯುವ ಹೊತ್ತಿಗೆ ಅಪ್ಪ ಹೇಳುವುದನ್ನೂ ನಿಲ್ಲಿಸಿದ್ದ.

ದೋಣಿಯ ಮೋಟಾರು ನಮ್ಮ ಅಂಗಡಿಗೆ ಬಂದದ್ದು ಅಕಸ್ಮಾತ್ತಾಗಿ. ಹಂಪಿಯಲ್ಲಿ ಹೊಳೆ ದಾಟಿಸುವವರಲ್ಲಿ ಒಬ್ಬರು ಹುಟ್ಟು ಬಿಟ್ಟು ಮೋಟಾರು ತಂದಿದ್ದರು. ದೋಣಿಯ ಹಿಂಬದಿಗೆ ಸಿಗಿಸುವಂಥದ್ದು, ಮೇಲೆ ಇಂಜಿನ್ ತಲೆ, ಕೆಳಗೆ ನೀರಿನಲ್ಲಿ ಮುಳುಗುವ ಉದ್ದನೆಯ ಕಾಲು, ಕಾಲಿನ ತುದಿಗೆ ಗೇರು ಮತ್ತು ಫ್ಯಾನು. ಅವರನ್ನು ನಾವೆಲ್ಲ ದೋಣಿ ಕಾಕಾ ಅನ್ನುತ್ತಿದ್ದೆವು. ತಂದ ವರ್ಷದೊಳಗೇ ಅದು ಕೆಟ್ಟಿತು. ಹೊಸಪೇಟೆಯಲ್ಲಿ ಯಾರೂ ಮುಟ್ಟಲಿಲ್ಲ. ಕೊನೆಗೆ ಮೋಟಾರನ್ನು ಆಟೋದಲ್ಲಿ ಮಲಗಿಸಿಕೊಂಡು ನಮ್ಮಲ್ಲಿಗೆ ಬಂದರು.

ಅಪ್ಪ ನೋಡಿ, "ಇದು ನಮ್ಮ ಜಾತಿಯ ಮಷಿನ್ ಅಲ್ರಿ," ಅಂದ.

ಅಕ್ಕ ಒಳಗಿನಿಂದ ಒಂದು ಹಳೆಯ ಸೀರೆ ತಂದು ನೆಲಕ್ಕೆ ಹಾಸಿದಳು. "ಬಿಚ್ಚಿ ನೋಡೂಣು ಕಾಕಾ. ಬಿಚ್ಚಿದ್ದನ್ನ ತಿರುಗಿ ಹಂಗ ಜೋಡಿಸೋ ಜವಾಬ್ದಾರಿ ನಂದು," ಅಂದಳು.

ಮೊದಲು ಬಿಚ್ಚಿದ ತಿರುಪನ್ನು ಸೀರೆಯ ಸೆರಗಿನ ತುದಿಗೆ ಇಟ್ಟಳು. ಎರಡನೆಯದನ್ನು ಅದರ ಪಕ್ಕಕ್ಕೆ, ಅಂಚಿನ ಗುಂಟ. ಹೀಗೆ ಒಂದೊಂದೇ ಭಾಗ ಬಿಚ್ಚಿದ ಕ್ರಮದಲ್ಲೇ ಸೀರೆಯ ಅಂಚಿನುದ್ದಕ್ಕೂ ನಡೆಯುತ್ತಾ ಹೋಯಿತು. ಸಂಜೆಯ ಹೊತ್ತಿಗೆ ಆ ಮೋಟಾರು ಆರು ಗಜ ಉದ್ದ ಮಲಗಿತ್ತು. ಜೋಡಿಸುವಾಗ ಇನ್ನೊಂದು ತುದಿಯಿಂದ ಸೆರಗಿನ ಕಡೆಗೆ ಬಂದಳು. ಒಂದು ವಾಷರೂ ಉಳಿಯಲಿಲ್ಲ. ಆಮೇಲೆ ಎಷ್ಟೋ ಮೋಟಾರುಗಳನ್ನು ಕಣ್ಣು ಮುಚ್ಚಿ ಬಿಚ್ಚುವಷ್ಟು ಪಳಗಿದ್ದರೂ ಸೀರೆ ಹಾಸುವುದನ್ನು ಮಾತ್ರ ಅವಳು ಬಿಡಲಿಲ್ಲ.

ಆ ದಿನ ಅವಳಿಗೆ ರೋಗ ಸಿಕ್ಕಿದ್ದು ಕಾಲಿನ ತುದಿಯಲ್ಲಿ. ಫ್ಯಾನು ಕೂರುವ ಶಾಫ್ಟಿಗೆ ಎರಡು ಸೀಲುಗಳು ಇರುತ್ತವೆ. ಸಣ್ಣ ಬಳೆಯಷ್ಟು ಅಗಲದ ರಬ್ಬರಿನ ಉಂಗುರ, ಒಳಗಡೆ ತೆಳ್ಳನೆಯ ತುಟಿ. ಆ ತುಟಿ ತಿರುಗುವ ಶಾಫ್ಟನ್ನು ಸುತ್ತಲೂ ಒತ್ತಿ ಹಿಡಿದಿರಬೇಕು. ಹಿಡಿದಿದ್ದರೆ ಒಳಗಿನ ಎಣ್ಣೆ ಒಳಗೆ, ಹೊರಗಿನ ನೀರು ಹೊರಗೆ. ತುಟಿ ಹರಿದರೆ ಎಣ್ಣೆ ಸೋರಿ ಹೊಳೆಗೆ ಹೋಗುತ್ತದೆ, ಹೊಳೆ ಒಳಗೆ ಬರುತ್ತದೆ, ಗೇರು ತಿಂದುಹೋಗುತ್ತದೆ. ಫ್ಯಾನು ಕಳಚಿದಾಗ ಅದರ ಹಿಂದೆ ಶಾಫ್ಟಿಗೆ ದಾರ ಸುತ್ತಿಕೊಂಡಿತ್ತು. ಒಂದೆರಡು ಎಳೆಯಲ್ಲ, ಉಂಡೆ. ಅಕ್ಕ ಚಿಮಟದಿಂದ ಎಳೆಎಳೆಯಾಗಿ ಬಿಡಿಸಿದಳು. ಕೆಂಪು ಎಳೆ, ಹಸಿರು ಎಳೆ, ಜರಿಯ ಎಳೆ. ಹಂಪಿಗೆ ಬಂದವರು ಹೊಳೆಯಲ್ಲಿ ಸ್ನಾನ ಮಾಡಿ, ಉಟ್ಟ ಹಳೆಯ ಬಟ್ಟೆಯನ್ನು ಅಲ್ಲೇ ನೀರಿಗೆ ಬಿಟ್ಟು ಹೋಗುತ್ತಾರೆ. ಹೂವಿನ ಹಾರದ ದಾರವೂ ಅಷ್ಟೇ. ಅದೆಲ್ಲ ಫ್ಯಾನಿಗೆ ಸಿಕ್ಕಿ, ಒಳಗೆ ಸರಿದು, ಸೀಲಿನ ತುಟಿಯನ್ನು ದಿನಾ ಒಂದಿಷ್ಟು ಕೊಯ್ಯುತ್ತಿತ್ತು.

"ನೋಡ್ರಿ ಕಾಕಾ, ಯಾರೋ ಪುಣ್ಯ ಮಾಡಕ ಬಂದು ನಿಮ್ಮ ಮೋಟಾರಿಗೆ ಸೀರಿ ಉಡಿಸಿ ಹೋಗ್ಯಾರ," ಅಂದಳು.

ದೋಣಿ ಕಾಕಾ ನಕ್ಕು ನಕ್ಕು ಕೆಮ್ಮಿದರು. ಅಂದಿನಿಂದ ಯಾವ ಮೋಟಾರು ಬಂದರೂ ಮೊದಲು ಫ್ಯಾನು ಬಿಚ್ಚಿ ದಾರ ತೆಗೆಯುವುದು ಅವಳ ನಿಯಮವಾಯಿತು. ತೆಗೆದ ದಾರವನ್ನು ಗೋಡೆಯ ಮೊಳೆಗೆ ಸಿಗಿಸುತ್ತಿದ್ದಳು. ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಮೋಟಾರಿನಿಂದ ಬಂದ ಬಲೆಯ ನೈಲಾನ್ ದಾರ, ಹಂಪಿಯ ಸೀರೆಗಳ ಬಣ್ಣಬಣ್ಣದ ದಾರ, ಎಲ್ಲ ಸೇರಿ ಮೊಳೆಯ ಮೇಲೆ ಜಡೆ ಬೆಳೆದ ಹಾಗೆ ಕಾಣುತ್ತಿತ್ತು. ದಾರ ತೆಗೆಯದೆ ಬರೀ ಸೀಲು ಬದಲಿಸಿ ಅನ್ನುವವರಿಗೆ ಆ ಮೊಳೆ ತೋರಿಸುತ್ತಿದ್ದಳು.

ಅವಳಿಗೆ ಸಂಕೋಚ ಅನ್ನುವುದು ಕೆಲಸದಲ್ಲಿ ಇರಲಿಲ್ಲ. ಈ ಮೋಟಾರುಗಳು ಹೊಳೆಯ ನೀರನ್ನೇ ಒಳಗೆ ಎಳೆದು ಇಂಜಿನ್ ತಂಪು ಮಾಡಿಕೊಂಡು, ಪಕ್ಕದ ತೂತಿನಿಂದ ಸಣ್ಣ ಧಾರೆಯಾಗಿ ಹೊರಗೆ ಬಿಡುತ್ತವೆ. ಮರಳು ತಿಂದು ಒಳಗಿನ ರಬ್ಬರಿನ ಚಕ್ರ ಸವೆದರೆ ಧಾರೆ ನಿಲ್ಲುತ್ತದೆ, ಇಂಜಿನ್ ಕಾಯುತ್ತದೆ. ಆ ಧಾರೆಗೆ ದೋಣಿಯವರು ತಮ್ಮತಮ್ಮಲ್ಲಿ ಇಟ್ಟುಕೊಂಡ ಹೆಸರು ಬೇರೆಯೇ ಇತ್ತು. ಒಂದು ಸಲ ಒಬ್ಬ ಎತ್ತರದ ಆಳು ಬಂದು ಅಕ್ಕನ ಎದುರು ಬಾಯಿ ತಡವರಿಸಿದ. "ಅದು... ಪಕ್ಕದ ತೂತಿಂದ... ಅದು ಬರವಲ್ದ್ರಿ ಅಕ್ಕಾರ."

ಅಕ್ಕ ತಲೆ ಎತ್ತದೆ, "ಉಚ್ಚಿ ಹೊಯ್ಯಂಗಿಲ್ಲೇನು?" ಅಂದಳು. "ಹಂಗ ಹೇಳ್ರಿ ಮತ್ತ. ಡಾಕ್ಟ್ರ ಮುಂದ ನಾಚಿದ್ರ ಹೆಂಗ?"

ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದವರೆಲ್ಲ ಹೋ ಅಂದರು. ಆ ಆಳು ಮುಂದೆ ಬಂದಾಗಲೆಲ್ಲ "ಡಾಕ್ಟ್ರ ಅದಾರೇನು?" ಅಂತಲೇ ಕೇಳುತ್ತಿದ್ದ. ಎರಡು ಮೂರು ವರ್ಷದಲ್ಲಿ ಹಂಪಿಯ ದೋಣಿಯವರೂ ಹಿನ್ನೀರಿನವರೂ ಚಿತ್ತವಾಡ್ಗಿಯ ಹಾದಿ ಹಿಡಿದರು.

ಆದರೆ ನಾನು ಹೇಳಬೇಕಾದದ್ದು ಅವಳ ಪರೀಕ್ಷೆಯ ವಿಷಯ.

ಸೀಲು ಕೂರಿಸಿ, ಕಾಲು ಜೋಡಿಸಿದ ಮೇಲೆ ಅವಳು ತಕ್ಷಣ ಎಣ್ಣೆ ತುಂಬುತ್ತಿರಲಿಲ್ಲ. ಎಣ್ಣೆ ತುಂಬುವ ತೂತಿಗೆ ಸೈಕಲ್ ಟ್ಯೂಬಿನ ವಾಲ್ವು ಬೆಸೆದ ಒಂದು ತಿರುಪು ಹಾಕುತ್ತಿದ್ದಳು. ಅದನ್ನು ಅವಳೇ ಮಾಡಿಕೊಂಡದ್ದು. ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಇಡೀ ಕಾಲನ್ನು ಬಾನಿಯ ನೀರಿನಲ್ಲಿ ಮುಳುಗಿಸಿ, ಮೋಟಾರಿನ ಮಾಲೀಕರನ್ನು ಬಾನಿಯ ಪಕ್ಕ ಕೂರಿಸುತ್ತಿದ್ದಳು. ಒಂದು ಚಹಾ ನಿಧಾನವಾಗಿ ಕುಡಿದು ಮುಗಿಯುವವರೆಗೆ ಅವರು ನೀರನ್ನೇ ನೋಡಬೇಕು. ಒಂದು ಗುಳ್ಳೆ ಎದ್ದರೂ ಮತ್ತೆ ಬಿಚ್ಚುವುದು. ಏಳದಿದ್ದರೆ ಅವರೇ ತಮ್ಮ ಕೈಯಿಂದ ಮೋಟಾರನ್ನು ನೀರಿನಿಂದ ಎತ್ತಿಕೊಳ್ಳಬೇಕು. ಅವಳು ಎತ್ತಿ ಕೊಡುತ್ತಿರಲಿಲ್ಲ.

"ನೀನ ನೋಡಿ ಹೇಳಿಬಿಡವಾ, ನಮಗೇನು ತಿಳೀತೈತಿ," ಅಂತ ಕೆಲವರು ಗೊಣಗುತ್ತಿದ್ದರು.

"ನಾ ನೋಡಿದ್ರ ನಡಿಯಂಗಿಲ್ರಿ. ನನ್ನ ಕಣ್ಣು ನನ್ನ ಕಡೀನ ಸಾಕ್ಷಿ ಹೇಳತೈತಿ. ಹೊಳಿಯಾಗ ಮಂದಿನ್ನ ಕುಂದರಿಸಿಕೊಂಡು ಹೋಗೋರು ನೀವು. ನೀವ ನೋಡ್ರಿ," ಅನ್ನುತ್ತಿದ್ದಳು.

ಚಹಾ ತಣ್ಣಗಾಗುತ್ತಿದ್ದರೂ ನೀರಿನಿಂದ ಕಣ್ಣು ಕೀಳದೆ ಕುಳಿತ ದೊಡ್ಡ ಮೀಸೆಯ ಗಂಡಸರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಿ ನನ್ನೊಳಗೆ ಒಂದು ಉರಿ ಏಳುತ್ತಿತ್ತು, ಅದನ್ನು ಈಗ ಮುಚ್ಚಿಡುವುದಿಲ್ಲ. ನನಗೆ ಆಗ ಇಪ್ಪತ್ತನಾಲ್ಕು. ತಿರುಪು ಬಿಚ್ಚುವುದು, ಭಾರ ಎತ್ತುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು ನನ್ನ ಕೆಲಸ. ಸೀಲು ಕೂರಿಸುವುದು ಅಕ್ಕನ ಕೆಲಸ. ದೋಣಿಯವರು ನನ್ನನ್ನು "ಡಾಕ್ಟ್ರ ತಮ್ಮ" ಅನ್ನುತ್ತಿದ್ದರು. ಅಕ್ಕ ನನಗೆ ಕಲಿಸಲಿಲ್ಲ ಅಂತಲ್ಲ. ಕರೆದು ತೋರಿಸುತ್ತಿದ್ದಳು. ನಾನೇ ಅರ್ಧ ನೋಡಿ, ಗೊತ್ತಾಯಿತು ಬಿಡು ಅಂತ ಎದ್ದು ಹೋಗುತ್ತಿದ್ದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ದೋಣಿ ಕಾಕಾನ ಮೋಟಾರು ಮತ್ತೆ ಬಂತು. ಅಕ್ಕ ಬಿಚ್ಚಿ, ದಾರ ತೆಗೆದು, ಹಳೆಯ ಸೀಲು ಕಿತ್ತು, ಹೊಸ ಸೀಲುಗಳನ್ನು ಡಬ್ಬಿಯ ಮೇಲೆ ತೆಗೆದಿಟ್ಟಿದ್ದಳು. ಅಷ್ಟರಲ್ಲಿ ಸಂಡೂರಿನಿಂದ ನಮ್ಮ ಚಿಕ್ಕಮ್ಮನಿಗೆ ಆರಾಮಿಲ್ಲ ಅಂತ ಸುದ್ದಿ ಬಂತು. ಅಕ್ಕ ಬೆಳಗಿನ ಬಸ್ಸಿಗೆ ಹೊರಟಳು. "ಸೀರಿ ಮ್ಯಾಲಿಂದು ಏನೂ ಮುಟ್ಟಬ್ಯಾಡ. ನಾಳಿ ಬಂದು ನಾ ಹಾಕ್ತೀನಿ," ಅಂದು ಹೋದಳು.

ಮಧ್ಯಾಹ್ನ ದೋಣಿ ಕಾಕಾ ಬಂದರು. ಮರುದಿನ ಅಮಾವಾಸ್ಯೆ, ಹಂಪಿಗೆ ಜನ ಬರುವ ದಿನ, ಮೋಟಾರು ಇಲ್ಲದೆ ಆಗುವುದಿಲ್ಲ ಅಂದರು. ನಾನು ಹಾಕಿಕೊಡುತ್ತೇನೆ ಅಂದೆ.

"ಬ್ಯಾಡಪಾ. ನಿಮ್ಮಕ್ಕ ಇಲ್ದ ನಾ ಒಯ್ಯಂಗಿಲ್ಲ," ಅಂದು ಏಳಲು ಹೊರಟರು.

ಆ ಮಾತು ನನಗೆ ಎಲ್ಲಿ ನಾಟಿತೋ... ಬಾಯಿಯಿಂದ ಸುಳ್ಳು ತಾನಾಗಿಯೇ ಬಂತು. "ಸೀಲು ಅಕ್ಕನ ಹಾಕಿ ಹೋಗ್ಯಾಳ್ರಿ ಕಾಕಾ, ಮುಂಜಾನೆ ಬಸ್ ಹತ್ತೂಕಿಂತ ಮೊದಲ. ಮೇಲಿಂದು ಜೋಡಿಸೂದೊಂದ ಉಳದೈತಿ. ಚಾ ಕುಡದು ಬರ್ರಿ, ಅಷ್ಟರಾಗ ಕೊಡ್ತೀನಿ."

ಅವರು ರಸ್ತೆಯ ಆಚೆಯ ಹೋಟೆಲಿಗೆ ಹೋದರು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಮೋಟಾರು ಒಂದು ತಿಂಗಳು ಚೆನ್ನಾಗಿ ಓಡಲಿ, ಆಮೇಲೆ ಎಲ್ಲರ ಎದುರಿಗೆ ಹೇಳುತ್ತೇನೆ, ಅದು ಅಕ್ಕ ಮಾಡಿದ್ದಲ್ಲ, ನಾನು ಮಾಡಿದ್ದು ಅಂತ. ಅವರ ಮುಖಗಳು ಹೇಗಾಗುತ್ತವೆ ಅಂತ ಯೋಚಿಸುತ್ತಲೇ ಸೀಲು ಇಟ್ಟು, ಮೇಲೆ ಪೈಪಿನ ತುಂಡು ಇಟ್ಟು ಬಡಿದೆ. ಪಂಪ್‌ಸೆಟ್ಟಿಗೆ ಬಡಿಯುವ ಹಾಗೆ, ತಳಕ್ಕೆ ಟಕ್ ಅಂತ ಕೂರುವವರೆಗೆ. ಎರಡನೆಯದನ್ನೂ ಹಾಗೇ. ಜೋಡಿಸಿ, ಗಾಳಿ ಹೊಡೆದು, ಬಾನಿಗೆ ಇಳಿಸಿದೆ.

ನೀರು ತಿಳಿಯಾಗಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಶಾಫ್ಟಿನ ಬುಡದಿಂದ ಒಂದು ಗುಳ್ಳೆ ಹೊರಟಿತು. ಸಾಸಿವೆ ಕಾಳಿನಷ್ಟು. ಮೇಲೆ ಬಂದು ಒಡೆಯಿತು. ಹೊರಗೆ ಅಂಟಿದ್ದ ಗಾಳಿ ಇರಬೇಕು ಅಂದುಕೊಂಡೆ. ಇನ್ನಷ್ಟು ಹೊತ್ತಿಗೆ ಮತ್ತೊಂದು ಹೊರಟಿತು, ಅದೇ ಜಾಗದಿಂದ. ತಲೆ ಎತ್ತಿ ನೋಡಿದರೆ ದೋಣಿ ಕಾಕಾ ಲೋಟ ಕೆಳಗಿಟ್ಟು ರಸ್ತೆ ದಾಟುತ್ತಿದ್ದರು. ನಾನು ಕೈಯಿಂದ ನೀರನ್ನು ಕಲಕಿ, ಮೋಟಾರನ್ನು ಎತ್ತಿಬಿಟ್ಟೆ.

"ಏ, ನಾ ನೋಡಬೇಕಲ್ಲೋ?" ಅಂದರು.

"ನಾ ನೋಡೀನ್ರಿ. ಒಂದೂ ಗುಳ್ಳಿ ಇಲ್ಲ. ನಿಮಗ ತಡ ಆಗ್ತೈತಿ."

ಅವರಿಗೂ ಅವಸರವಿತ್ತು. ಎಣ್ಣೆ ತುಂಬಿ ಕೊಟ್ಟೆ. ಒಯ್ದರು.

ಮರುದಿನ ಅಕ್ಕ ಬಂದಳು. ಸೀರೆ ಖಾಲಿ ಇದ್ದದ್ದು ನೋಡಿ, "ಯಾರು ಹಾಕಿದ್ರು?" ಅಂದಳು. "ನಾನ. ನೀ ಮಾಡೂಹಂಗ ಮಾಡೀನಿ," ಅಂದೆ. "ಅವರು ಗುಳ್ಳಿ ನೋಡಿದ್ರಾ?" ಅಂದಳು. "ನೋಡಿದ್ರು," ಅಂದೆ. ಅಕ್ಕನ ಮುಖ ಅರಳಿತು. ಆ ನಗು ನನಗೆ ಇವತ್ತಿಗೂ... ಅವಳು ಅಪ್ಪನ ಕಡೆ ತಿರುಗಿ, "ಕೇಳಿದ್ಯೇನಪ್ಪಾ, ನಿನ್ನ ಮಗ ಮೇಸ್ತ್ರಿ ಆದ," ಅಂದಳು. ತನ್ನ ಕೆಲಸ ಕಿತ್ತುಕೊಂಡ ಅನ್ನುವ ಒಂದು ಎಳೆಯೂ ಆ ದನಿಯಲ್ಲಿ ಇರಲಿಲ್ಲ. ಸಂಡೂರಿನಿಂದ ತಂದ ಖಾರದ ತಿಂಡಿಯ ಪೊಟ್ಟಣ ಬಿಚ್ಚಿ ಮೊದಲು ನನ್ನ ಕೈಗೆ ಹಾಕಿದಳು.

ಆ ಮೇಲೆ ಇಪ್ಪತ್ತು ದಿನ ಸಿಕ್ಕವು ನನಗೆ. ಬಸ್ಸು ಹತ್ತಿದರೆ ಹಂಪಿ ಅರ್ಧ ಗಂಟೆ. ಹೋಗಿ, ಕಾಕಾ ಒಂದು ಸಲ ತಂದು ತೋರಿಸ್ರಿ ಅಂದಿದ್ದರೆ ಮುಗಿಯುತ್ತಿತ್ತು. ಅಕ್ಕನಿಗೆ ಹೇಳಿದ್ದರೂ ಮುಗಿಯುತ್ತಿತ್ತು, ಅವಳೇ ಹೋಗಿ ತರುತ್ತಿದ್ದಳು. ಬೆಳಿಗ್ಗೆ ಬಾನಿಯ ಹತ್ತಿರ ಮುಖ ತೊಳೆಯುವಾಗ ನೆನಪಾಗುತ್ತಿತ್ತು. ಸಾಸಿವೆಯಷ್ಟು ಗುಳ್ಳೆ, ಅದರಿಂದ ಏನಾದೀತು ಅಂತ ನನಗೆ ನಾನೇ ಹೇಳಿಕೊಂಡೆ. ದಿನ ಕಳೆದಂತೆ ಮೋಟಾರು ಓಡುತ್ತಲೇ ಇದೆ ಅನ್ನುವುದೇ ಧೈರ್ಯವಾಯಿತು.

ಇಪ್ಪತ್ತೊಂದನೆಯ ದಿನ ಹೊಳೆಯ ನಡುವೆ ಗೇರು ಮುರಿಯಿತು. ಮೇಲೆ ಮಳೆಯಾಗಿ ಹೊಳೆ ಅಂದು ಸ್ವಲ್ಪ ಏರಿತ್ತು. ಇಂಜಿನ್ ಕೂಗುತ್ತಿತ್ತಂತೆ, ಫ್ಯಾನು ತಿರುಗಲಿಲ್ಲವಂತೆ. ದೋಣಿ ಹರಿವಿಗೆ ಸಿಕ್ಕಿ ತಿರುಗುತ್ತಾ ಹೋಗಿ ಬಂಡೆಗೆ ಬಡಿಯಿತು. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡದ್ದರಿಂದ ಮುಳುಗಲಿಲ್ಲ. ಹರಗೋಲಿನವರು ಬಂದು ಎಲ್ಲರನ್ನೂ ದಡಕ್ಕೆ ತಂದರು. ಒಬ್ಬ ಮುದುಕಮ್ಮನ ಮುಂಗೈ ಮುರಿದಿತ್ತು. ಅಷ್ಟಕ್ಕೇ ಮುಗಿಯಿತು. ಮುಗಿಯದೆಯೂ ಹೋಗಬಹುದಿತ್ತು ಅನ್ನುವುದು ನನಗೆ ಗೊತ್ತು.

ಮರುದಿನ ಬೆಳಿಗ್ಗೆ ದೋಣಿ ಕಾಕಾ ಮೋಟಾರಿನ ಕಾಲನ್ನು ಗೋಣಿಚೀಲದಲ್ಲಿ ತಂದು ಅಂಗಡಿಯ ಮುಂದೆ ಧೊಪ್ಪೆಂದು ಹಾಕಿದರು. ಜೊತೆಗೆ ಆ ಮುದುಕಮ್ಮನ ಇಬ್ಬರು ಗಂಡುಮಕ್ಕಳು. ಅಕ್ಕ ಸೀರೆ ಹಾಸಿದಳು. ಅಡಿಯ ತಿರುಪು ಬಿಚ್ಚಿದಳು. ಹಾಲು ಚಹಾದಂಥ ನೀರು ಇಳಿಯಿತು, ಅದರಲ್ಲಿ ಗೇರಿನ ಹಲ್ಲಿನ ಚೂರುಗಳು. ಅದೇ ವಾಸನೆ. ಫ್ಯಾನು ಬಿಚ್ಚಿ ನೋಡಿದಳು, ಒಂದೆಳೆ ದಾರವೂ ಇರಲಿಲ್ಲ. ಸೀಲಿನ ಮೇಲೆ ಬೆರಳಿಟ್ಟಳು. ಅದು ತಳಕ್ಕೆ ಇಳಿದು ಕೂತಿತ್ತು. ಬೆರಳು ಅಲ್ಲೇ ನಿಂತಿತು.

"ಬಸ್ ಹತ್ತೋ ಗಡಿಬಿಡಿಯಾಗ ಸೀಲ್ ಬಡದು ಹೋದಿಯಲ್ಲವಾ ನೀನು," ಅಂದರು ದೋಣಿ ಕಾಕಾ. "ನಿನ್ನ ಹೆಸರು ಕೇಳಿ ನಾ ಗುಳ್ಳಿನೂ ನೋಡಲಿಲ್ಲ. ನಿನ್ನ ಹೆಸರು ನಂಬಿ ಹದಿನಾಕು ಮಂದಿನ್ನ ಕುಂದರಿಸಿಕೊಂಡಿದ್ನಿ."

ನಾನು ಹೇಳಿದ ಎರಡು ಸುಳ್ಳು ಅಕ್ಕನಿಗೆ ಒಟ್ಟಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಅವಳು ನನ್ನ ಕಡೆ ನೋಡಿದಳು. ನಾನು ಸೀಮೆಎಣ್ಣೆಯ ಡಬ್ಬಿಯನ್ನು ನೋಡುತ್ತಿದ್ದೆ.

ಮುದುಕಮ್ಮನ ದೊಡ್ಡ ಮಗ ಒಂದು ಹೆಜ್ಜೆ ಒಳಗೆ ಬಂದ. "ಹೆಣ್ಣಮಗಳು ಅಂತ ಸುಮ್ಮನಿದ್ದೀವಿ. ಗಂಡಸು ಯಾವನರ ಕೈ ಹಾಕಿದ್ದ ಅಂದ್ರ ಹೇಳ್ರಿ, ಅವನ ಕೈ ಮುರದು ಹೋಗ್ತೀವಿ."

ಅಕ್ಕ ಎದ್ದು ನಿಂತಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡಳು, ಒಂದೊಂದೇ ಬೆರಳು. "ನಂದ ಕೆಲಸ ರೀ. ನಂದ ತಪ್ಪು," ಅಂದಳು. "ಅವ್ವನ್ನ ನೋಡಾಕ ನಾ ಬರ್ತೀನಿ, ನಡೀರಿ."

ನನ್ನ ಬಾಯಿ ತೆರೆಯಲಿಲ್ಲ. ಅವತ್ತು ತೆರೆಯಬೇಕಿತ್ತು. ಏಟು ತಿಂದಿದ್ದರೆ ಒಂದು ವಾರಕ್ಕೆ ವಾಸಿಯಾಗುತ್ತಿತ್ತು...

ಅಕ್ಕ ಅವರ ಜೊತೆ ಹೋಗಿ ಮುದುಕಮ್ಮನನ್ನು ಕಂಡು ಬಂದಳು. ಕೈ ಕೂಡುವವರೆಗೂ ಎರಡು ದಿನಕ್ಕೊಮ್ಮೆ ಹೋಗಿ ಆಕೆಯ ತಲೆ ಬಾಚಿ ಬರುತ್ತಿದ್ದಳು ಅನ್ನುವುದು ನನಗೆ ಆಮೇಲೆ ತಿಳಿಯಿತು. ಆಕೆ ಮತ್ತು ಆಕೆಯ ಮಕ್ಕಳು ಅಕ್ಕನನ್ನು ಕ್ಷಮಿಸಿದರು. ಆದರೆ ಹೊಳೆಯ ಘಾಟಿನ ದೋಣಿಯವರು ಕ್ಷಮಿಸಲಿಲ್ಲ. ಹೆಣ್ಣುಮಗಳ ಕೈಗೆ ಜನರ ಜೀವ ಕೊಟ್ಟದ್ದೇ ತಪ್ಪು ಅಂದರು. ಹಿನ್ನೀರಿನವರಿಗೂ ಮಾತು ಮುಟ್ಟಿತು. ಮೋಟಾರುಗಳು ಬರುವುದು ನಿಂತಿತು. ಡಾಕ್ಟ್ರೇ ಅನ್ನುತ್ತಿದ್ದ ಆ ಎತ್ತರದ ಆಳು ಒಮ್ಮೆ ಬಜಾರಿನಲ್ಲಿ ಎದುರಾದವನು ರಸ್ತೆಯ ಆಚೆ ಬದಿಗೆ ದಾಟಿಕೊಂಡು ಹೋದ. ಅಕ್ಕ ಅದನ್ನು ಕಂಡಳು, ನಾನೂ ಕಂಡೆ.

ಅಕ್ಕ ನನಗೆ ಬೈಯಲಿಲ್ಲ. ಯಾಕೆ ಹೀಗೆ ಮಾಡಿದೆ ಅಂತ ಕೇಳಲೂ ಇಲ್ಲ. ಅದಾಗಿ ನಾಲ್ಕೈದು ದಿನಕ್ಕೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ದೋಣಿ ಕಾಕಾ ಬಿಟ್ಟು ಹೋಗಿದ್ದ ಆ ಶಾಫ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಬೆರಳು ಹಿಡಿದು ಉಗುರನ್ನು ಅದರ ಮೇಲೆ ಉದ್ದಕ್ಕೆ ಎಳೆದಳು. ನುಣ್ಣಗೆ ಜಾರುತ್ತಿದ್ದ ಉಗುರು ಒಂದು ಕಡೆ ಸಣ್ಣಗೆ ತಡೆಯಿತು. ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಗೆರೆ. ಹಳೆಯ ಸೀಲಿನ ತುಟಿ ವರ್ಷಾನುಗಟ್ಟಲೆ ಉಜ್ಜಿ ಕೊರೆದ ಗೆರೆ.

"ಉಗುರು ತಡೀತಲ್ಲ, ಹೊಸ ಸೀಲ್ ಅಲ್ಲಿ ಕುಂದರಿಸಬಾರದು," ಅಂದಳು. "ಕುಂದರಿಸಿದ್ರ ಗೆರಿಯಾಗ ತುಟಿ ಹಿಡಿಯಂಗಿಲ್ಲ. ತಳಕ್ಕ ಬಡೀಬ್ಯಾಡ. ಕೂದಲೆಳಿಯಷ್ಟು ಮ್ಯಾಲ ನಿಲ್ಲಸು. ಹೊಸಾ ಜಾಗಾ ಸಿಗತೈತಿ ಅದಕ್ಕ."

ಅಷ್ಟೇ. ಶಾಫ್ಟನ್ನು ನನ್ನ ಕೈಯಲ್ಲಿ ಬಿಟ್ಟು ಒಲೆಯ ಕಡೆ ಹೋದಳು. ತನ್ನ ಹೆಸರು ಹಾಳಾದ ವಾರದಲ್ಲಿ ಕುಳಿತು ನನಗೆ ಕೆಲಸ ಕಲಿಸಿದಳು. ಅವಳಂಥ ಮನುಷ್ಯರನ್ನು ನಾನು ಮತ್ತೆ ನೋಡಿಲ್ಲ.

ಮುಂದೆ ಅಕ್ಕ ಸಂಡೂರಿಗೆ ಹೋಗಿಬರತೊಡಗಿದಳು. ಗಣಿಯ ಯಂತ್ರಗಳನ್ನು ರಿಪೇರಿ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸ. ಮಣ್ಣು ಎತ್ತುವ ಯಂತ್ರದ ತೋಳಿನಲ್ಲಿ ಇರುವ ಕೊಳವೆಗಳಿಗೂ ಸೀಲು ಬೇಕು, ಅಂಗೈ ಅಗಲದ್ದು. ದಿನಾ ಬೆಳಗಿನ ಬಸ್ಸಿಗೆ ಹೋಗಿ, ಸಂಜೆ ಕೆಂಪು ಧೂಳಿನಲ್ಲಿ ಮಿಂದು ಬರುತ್ತಿದ್ದಳು. ಶೆಡ್ಡಿನ ಹುಡುಗರೆಲ್ಲ ಅವಳ ಕೈಯಲ್ಲಿ ಪಳಗಿದರು ಅಂತ ಕೇಳಿದ್ದೇನೆ. ಅಲ್ಲಿಯೂ ಸೀರೆ ಹಾಸುತ್ತಿದ್ದಳಂತೆ. ಆದರೆ ದೋಣಿಯ ಮೋಟಾರನ್ನು ಮತ್ತೆ ಮುಟ್ಟಲಿಲ್ಲ. ಹಂಪಿಗೂ ಹೋಗಲಿಲ್ಲ. ನಾನು ಗಿರಣಿ ಕೆಲಸ ಹಿಡಿದು ಕಂಪ್ಲಿಗೆ ಬಂದೆ, ಮದುವೆಯಾಯಿತು, ಮಕ್ಕಳಾದವು. ಹಬ್ಬಕ್ಕೆ ಅಕ್ಕ ಬರುತ್ತಿದ್ದಳು, ಮಕ್ಕಳ ಸೈಕಲ್ಲಿಗೆ ಎಣ್ಣೆ ಬಿಟ್ಟು ಹೋಗುತ್ತಿದ್ದಳು. ಪ್ರತಿ ಸಲ ಅವಳನ್ನು ಬಸ್ಸಿಗೆ ಹತ್ತಿಸುವಾಗ ಈ ಸಲ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಅವಳಿಗೆ ಹೇಳುವುದೇನಿತ್ತು, ಅವಳಿಗೆ ಗೊತ್ತೇ ಇತ್ತು. ಘಾಟಿಗೆ ಹೋಗಿ ಹೇಳುತ್ತೇನೆ ಅಂತ ಅವಳಿಗೆ ಹೇಳಬೇಕಿತ್ತು. ಬಸ್ಸು ಬರುತ್ತಿತ್ತು, ಹೋಗುತ್ತಿತ್ತು.

ಎರಡು ಮಳೆಗಾಲದ ಹಿಂದೆ ಅಕ್ಕನಿಗೆ ಜ್ವರ ಬಂತು. ನಾಲ್ಕೇ ದಿನ. ಹೋದಳು.

ಗಿರಣಿಯಲ್ಲಿ ಆ ನೀರು ನೋಡಿದ ವಾರವೇ ರಜೆ ಹಾಕಿ ಹಂಪಿಗೆ ಹೋದೆ. ದೋಣಿ ಕಾಕಾನನ್ನು ಕಂಡು ಕಾಲಿಗೆ ಬಿದ್ದು ಹೇಳಬೇಕು, ನಾಲ್ಕು ಜನ ದೋಣಿಯವರ ಎದುರು ಹೇಳಬೇಕು, ಯಾರಾದರೂ ಎರಡು ಏಟು ಹೊಡೆದರೆ ಹೊಡೆಯಲಿ ಅಂತ ಗಟ್ಟಿ ಮಾಡಿಕೊಂಡಿದ್ದೆ. ಘಾಟಿನ ಮೆಟ್ಟಿಲ ಮೇಲೆ ನಾಲ್ಕೈದು ಜನ ಕುಳಿತಿದ್ದರು, ಮೂವತ್ತರ ಆಸುಪಾಸಿನವರು. ದೋಣಿ ಕಾಕಾ ಬಗ್ಗೆ ಕೇಳಿದೆ. ಅವರು ತೀರಿಹೋಗಿ ಬಹಳ ವರ್ಷವಾಯಿತು, ಮಕ್ಕಳು ದೋಣಿ ಮಾರಿ ಊರು ಬಿಟ್ಟರು ಅಂದರು.

ಆದರೂ ಹೇಳಿದೆ. ನಿಂತುಕೊಂಡೇ ಹೇಳಿದೆ. "ಬಂಡೆಗಲ್ಲಿಗೆ ಬಡದ ಆ ದೋಣಿ ಮೋಟಾರು ನಾ ಕೆಡಿಸಿದ್ದು. ನಮ್ಮಕ್ಕಂದು ಏನೂ ತಪ್ಪಿಲ್ಲ."

ಅವರು ಒಬ್ಬರ ಮುಖ ಒಬ್ಬರು ನೋಡಿದರು.

"ಯಾವ ದೋಣಿ?" ಅಂದ ಒಬ್ಬ.

"ಯಾವ ಅಕ್ಕ?" ಅಂದ ಇನ್ನೊಬ್ಬ.

ಬಂಡೆಗೆ ಬಡಿದ ದೋಣಿಯ ಕಥೆ ಅವರಿಗೆ ಗೊತ್ತಿರಲಿಲ್ಲ. ಅಕ್ಕನ ಮೇಲೆ ಬಂದ ಮಾತು ಎಂದೋ ಅಳಿಸಿಹೋಗಿತ್ತು. ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಆ ಮಾತಿನ ಜೊತೆ ಅವಳೂ ಅಳಿಸಿಹೋಗಿದ್ದಳು. ಈ ಹೊಳೆಯ ಮೋಟಾರುಗಳನ್ನೆಲ್ಲ ಒಂದು ಕಾಲಕ್ಕೆ ಒಬ್ಬ ಹೆಣ್ಣುಮಗಳು ರಿಪೇರಿ ಮಾಡುತ್ತಿದ್ದಳು ಅನ್ನುವುದೇ ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನು ಅದನ್ನು ಹೇಳಿದೆ.

"ಹೆಣ್ಮಕ್ಕಳಾ? ಈ ಮೋಟಾರಾ? ಸುಮ್ನಿರ್ರಿ ಕಾಕಾ," ಅಂತ ನಕ್ಕ ಒಬ್ಬ. ಅಷ್ಟರಲ್ಲಿ ಕೆಳಗಿನ ದೋಣಿಗೆ ಜನ ತುಂಬಿದ್ದರು. ಅವನು ಎದ್ದು ಹೋಗಿ ಹಗ್ಗ ಎಳೆದು ಮೋಟಾರು ಚಾಲೂ ಮಾಡಿದ. ದೋಣಿ ಆಚೆ ದಡಕ್ಕೆ ಹೊರಟಿತು. ಉಳಿದವರು ಮೊಬೈಲ್ ನೋಡುತ್ತಾ ಕುಳಿತರು. ಕಂಪ್ಲಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಎದ್ದು ಹೋಗಲು ಮನಸ್ಸಾಗದೆ ನಾನೂ ಮೆಟ್ಟಿಲ ಮೇಲೆ ಕುಳಿತೆ.

ಅರ್ಧ ಗಂಟೆಗೆ ಅವನು ತಿರುಗಿ ಬಂದ. ಜನ ಇಳಿದರು. ಅವನು ದೋಣಿ ಕಟ್ಟಿ, ಪ್ಯಾಂಟು ಕೊಡವಿಕೊಂಡು ಮೇಲೆ ಬಂದು ನನ್ನ ಪಕ್ಕದ ಮೆಟ್ಟಿಲಲ್ಲಿ ಕುಳಿತ.

"ಹೂಂ, ಹೇಳ್ರಿ ಕಾಕಾ," ಅಂದ. "ಖರೇನ ಹೆಣ್ಮಗಳೇನು? ಯಾರು ಆಕಿ?"

"ನಮ್ಮಕ್ಕ," ಅಂದೆ.